ಜೊತೆಗೆ ಬರದ ಮಗನಿಗೂ ಪೊಲೀಸ್ ಸರ್ಟಿಫಿಕೇಟ್ ಬೇಕು

'ಕೆನಡಾದಲ್ಲಿರುವ ಗಂಡ ತನ್ನ ಹೆಂಡತಿಯನ್ನು ಸ್ಪಾನ್ಸರ್ ಮಾಡಿದರೆ (ಅಲ್ಲಿ ನೆಲೆಸಲು ಕರೆಸಿಕೊಂಡರೆ) ಪೊಲೀಸ್ ಸರ್ಟಿಫಿಕೇಟ್ (ಅಪರಾಧ ದಾಖಲೆ ಇದೆಯೋ ಇಲ್ಲವೋ ಎಂದು ತಿಳಿಸುವ ಪತ್ರ) ಹೆಂಡತಿಯದ್ದು ಮಾತ್ರ ಸಾಕು, ಜೊತೆಗೆ ಬರದ ಮಕ್ಕಳದ್ದು ಬೇಡ' ಅನ್ನೋ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು.

18 ತುಂಬಿದ ಅವಲಂಬಿತ ಮಗ ಅಥವಾ ಮಗಳು ಹೋಗಲಿ, ಬಿಡಲಿ, ಸರ್ಟಿಫಿಕೇಟ್ ಕೊಡಲೇಬೇಕು. ಹಿನ್ನೆಲೆ ವಿವರ ಕೇಳುವ ಐಎಂಎಂ 5669 ಫಾರಂ ಕೂಡ ಅವರದ್ದೇ ಬೇರೆ. ಓದು, ಕೆಲಸ, ಇದ್ದ ವಿಳಾಸ ಎಲ್ಲ ಅದರಲ್ಲಿ ಬರೆಯಬೇಕು. ನಡುವೆ ಸುಮ್ನೆ ಮನೇಲಿದ್ದ ತಿಂಗಳುಗಳನ್ನೂ ಬಿಡುವಂತಿಲ್ಲ! ಮೆಡಿಕಲ್ ಪರೀಕ್ಷೆಯೂ ಇದೆ.

ಅವಲಂಬಿತರು ಅಂದ್ರೆ 22 ತುಂಬದ, ಮದುವೆಯಾಗದ, ಸಂಗಾತಿಯೂ ಇಲ್ಲದ ಮಕ್ಕಳು. 22 ದಾಟಿದವರು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರಲ್ಲ. ಆದರೂ ಅರ್ಜಿಯಲ್ಲಿ ಯಾವ ಮಗುವಿನ ಹೆಸರನ್ನೂ ಮುಚ್ಚಿಡಬೇಡಿ. ಅವಲಂಬಿತ ಮಗುವನ್ನು ತೋರಿಸದೇ ಹೋದರೆ ಮುಂದೆ ಆ ಮಗುವನ್ನು ಸ್ಪಾನ್ಸರ್ ಮಾಡೋದು ತುಂಬಾ ಕಷ್ಟ.