ಸಿಂಗ್ಕಿಲ್ ನೋಡುವಾಗ ಬಂತುಗನ್‌ನ ಕಥೆಯನ್ನೂ ಕೇಳೋಣ

ನಿನ್ನೆ ಸಂಜೆ ದುಬೈನಲ್ಲಿ ಫಿಲಿಪಿನೋ ಸಮುದಾಯದವರು ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಸಿಂಗ್ಕಿಲ್ ನೃತ್ಯ ನೋಡಿ ಮನಸ್ಸು ತುಂಬಿ ಬಂದಿತ್ತು. ಮನೆ ಸೇರಿ ಮೊಬೈಲ್ ತೆರೆದರೆ ನಮ್ಮವರದೇ ವಾಟ್ಸಾಪ್ ಗುಂಪಿನಲ್ಲಿ ಅದೇ ನೃತ್ಯದ ತುಣುಕು ಆಗಲೇ ಹರಿದಾಡುತ್ತಿತ್ತು. ಮೇಲೆ ಒಂದು ಸಾಲು: ‘ನೋಡಿ, ಫಿಲಿಪೀನ್ಸ್‌ನವರೂ ಕುಣಿಯುತ್ತಿರುವುದು ನಮ್ಮ ರಾಮಾಯಣವನ್ನೇ.’ ಕೆಳಗೆ ಕೈಮುಗಿದ ಚಿತ್ರಗಳು, ಹೆಮ್ಮೆಯ ಮಾತುಗಳು. ನೃತ್ಯ ಹೇಗಿತ್ತು ಎಂದು ಒಬ್ಬರೂ ಬರೆದಿರಲಿಲ್ಲ. ಫಿಲಿಪಿನೋ ಸಹೋದ್ಯೋಗಿಗಳ ಜೊತೆಯಲ್ಲೇ ನನ್ನ ದುಡಿಮೆ, ಊಟ, ಹರಟೆ ಎಲ್ಲವೂ ನಡೆಯುತ್ತದೆ. ಆದ್ದರಿಂದ ಈ ಸಾಲು ನನ್ನನ್ನು ತೀರಾ ನೋಯಿಸಿತು.

ಮೊದಲು ನೃತ್ಯದ ಮಾತು. ನೆಲದ ಮೇಲೆ ಬಿದಿರಿನ ಗಳಗಳನ್ನು ಅಡ್ಡಡ್ಡವಾಗಿ ಇಟ್ಟು, ಎರಡೂ ತುದಿಯಲ್ಲಿ ಕುಳಿತವರು ಅವುಗಳನ್ನು ಲಯಬದ್ಧವಾಗಿ ಕೂಡಿಸಿ ಅಗಲಿಸುತ್ತಾರೆ. ಸಾಲಾಗಿ ಜೋಡಿಸಿದ ಎಂಟು ಸಣ್ಣ ಜಾಗಟೆಗಳ ಕುಲಿಂತಾಂಗ್ ವಾದ್ಯ ನಿಧಾನವಾಗಿ ಆರಂಭವಾಗಿ ವೇಗ ಹೆಚ್ಚಿಸುತ್ತ ಹೋಗುತ್ತದೆ. ಎರಡೂ ಕೈಗಳಲ್ಲಿ ಬೀಸಣಿಗೆ ಹಿಡಿದ ರಾಜಕುಮಾರಿ ಆ ಗಳಗಳ ನಡುವೆ ಹೆಜ್ಜೆಯಿಡುತ್ತಾಳೆ, ಆಕೆಯ ಹಿಂದೆಯೇ ಸತ್ತಿಗೆ ಹಿಡಿದ ದಾಸಿ. ನಿನ್ನೆ ಆಡಿದ ಹುಡುಗಿ ಒಮ್ಮೆಯೂ ಕಾಲ ಕೆಳಗೆ ನೋಡಲಿಲ್ಲ. ಬಿದಿರು ಪಟಪಟನೆ ಬಡಿಯುತ್ತಿದ್ದರೂ ಅವಳ ಮುಖದಲ್ಲಿ ಗಾಬರಿಯಾಗಲೀ ಪ್ರೇಕ್ಷಕರನ್ನು ಒಲಿಸಿಕೊಳ್ಳುವ ನಗೆಯಾಗಲೀ ಕಾಣಲಿಲ್ಲ. ಮಣಿಕಟ್ಟಿನ ಸಣ್ಣ ತಿರುವಿನಲ್ಲಿ ಬೀಸಣಿಗೆ ತೆರೆದು ಮುಚ್ಚುತ್ತಿತ್ತು, ಅಷ್ಟೆ. ಆ ಸ್ಥಿರತೆಯೇ ಈ ನೃತ್ಯದ ಪ್ರಾಣ. ರಾಜಮನೆತನದ ಹೆಣ್ಣು ಹೀಗೆ ನಡೆಯಬೇಕು ಎಂಬ ಮರನಾವ್ ಜನರ ಕಲ್ಪನೆ ಅದರಲ್ಲಿ ಪೂರ್ತಿಯಾಗಿ ಇಳಿದಿದೆ.

ಈ ಮರನಾವ್ ಜನ ಯಾರು? ಫಿಲಿಪೀನ್ಸ್‌ನ ದಕ್ಷಿಣದ ದೊಡ್ಡ ದ್ವೀಪ ಮಿಂಡನಾವ್‌ನಲ್ಲಿ, ಲಾನಾವ್ ಸರೋವರದ ಸುತ್ತ ಬದುಕುವ ಮುಸ್ಲಿಮ್ ಸಮುದಾಯ. ಅವರ ಮಹಾಕಾವ್ಯದ ಹೆಸರು ದರಂಗೆನ್. 17 ಭಾಗಗಳು, 72,000 ಸಾಲುಗಳು. ಆ ಜನ ಇಸ್ಲಾಮ್ ಸ್ವೀಕರಿಸುವುದಕ್ಕೂ ಮೊದಲಿನ ಕಾಲದ ನೆನಪುಗಳನ್ನು ಹೊತ್ತು ಬಂದ ಕಾವ್ಯ. ಮದುವೆಯಂಥ ಸಂದರ್ಭಗಳಲ್ಲಿ ನುರಿತ ಗಾಯಕ ಗಾಯಕಿಯರು ಇದನ್ನು ರಾತ್ರಿಗಟ್ಟಲೆ ಹಾಡುತ್ತಾರೆ. 2005ರಲ್ಲಿ ಯುನೆಸ್ಕೊ ಇದನ್ನು ಮಾನವ ಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಘೋಷಿಸಿತು. ಬೆಂಬರನ್ ರಾಜ್ಯದ ವೀರ ಬಂತುಗನ್ ಅದರ ನಾಯಕ. ಅವನ ಕೀರ್ತಿಯನ್ನು ಸಹಿಸಲಾರದ ಅಣ್ಣ, ರಾಜ ಮದಾಲಿ, ತಮ್ಮನೊಂದಿಗೆ ಯಾರೂ ಮಾತನಾಡಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಮನನೊಂದ ಬಂತುಗನ್ ದೇಶ ಬಿಟ್ಟು ಅಲೆದು, ಕಾಯಿಲೆ ಬಿದ್ದು, ಪರರಾಜ್ಯದ ಅರಮನೆಯ ಬಾಗಿಲಲ್ಲಿ ಪ್ರಾಣ ಬಿಡುತ್ತಾನೆ. ಗಿಳಿಯೊಂದು ಸುದ್ದಿಯನ್ನು ಬೆಂಬರನ್‌ಗೆ ಒಯ್ಯುತ್ತದೆ. ಆಗ ಅದೇ ಅಣ್ಣ ಪಶ್ಚಾತ್ತಾಪದಿಂದ ಆಕಾಶಕ್ಕೇರಿ ತಮ್ಮನ ಆತ್ಮವನ್ನು ಹಿಂದಕ್ಕೆ ತರುತ್ತಾನೆ. ಈ ಅಣ್ಣ ತಮ್ಮಂದಿರ ಕಥೆಯಲ್ಲಿರುವ ಅಸೂಯೆ, ಅವಮಾನ, ಪ್ರೀತಿಗಳನ್ನು ಅರಿಯಲು ಬೇರೆ ಯಾವ ಗ್ರಂಥದ ಆಸರೆಯೂ ಬೇಕಿಲ್ಲ. ಸಿಂಗ್ಕಿಲ್ ಈ ಕಾವ್ಯದ ಒಂದು ಪ್ರಸಂಗಕ್ಕೆ ಸೇರಿದ್ದೆಂದು ಹೇಳುತ್ತಾರೆ: ದಿವತಾಗಳೆಂಬ ಅಲೌಕಿಕ ಶಕ್ತಿಗಳು ಎಬ್ಬಿಸಿದ ಭೂಕಂಪದಲ್ಲಿ ಮರಗಳು ಉರುಳುತ್ತಿರುವಾಗ ರಾಜಕುಮಾರಿ ಗಂಡಿಂಗನ್ ಅವುಗಳ ನಡುವೆ ಹಗುರವಾಗಿ ಹೆಜ್ಜೆಯಿಡುತ್ತ ಕಾಡಿನಿಂದ ಪಾರಾಗುತ್ತಾಳೆ. ಬಿದಿರಿನ ಗಳಗಳೇ ಆ ಉರುಳುವ ಮರಗಳು.

ಇಷ್ಟೆಲ್ಲ ಇರುವಾಗ ನಮ್ಮ ಕಣ್ಣಿಗೆ ಬಿದ್ದದ್ದು ‘ನಮ್ಮದು’ ಎಂಬುದೊಂದೇ.

ರಾಮಾಯಣ ಅಲ್ಲಿಗೆ ಹೋಗಿಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಹೋಗಿದೆ. ಮರನಾವ್ ಜನರಲ್ಲಿ ‘ಮಹಾರದಿಯಾ ಲಾವನಾ’ ಎಂಬ ಕಥೆಯಿದೆ, ವಿದ್ವಾಂಸ ಹುವಾನ್ ಫ್ರಾನ್ಸಿಸ್ಕೊ ಅದನ್ನು 1960ರ ದಶಕದ ಕೊನೆಯಲ್ಲಿ ಬೆಳಕಿಗೆ ತಂದರು. ಲಾವನಾ ಎಂದರೆ ರಾವಣನೇ. ಆದರೆ ಆ ಕಥೆಯನ್ನು ಒಮ್ಮೆ ಓದಿ ನೋಡಿ. ಅಲ್ಲಿ ರಾಜಕುಮಾರಿಯನ್ನು ಗೆಲ್ಲಲು ಯಾರೂ ಬಿಲ್ಲು ಮುರಿಯುವುದಿಲ್ಲ. ಬೆತ್ತದ ಚೆಂಡನ್ನು ಕಾಲಿನಿಂದ ಒದ್ದು ಅವಳಿರುವ ಎತ್ತರದ ಕೋಣೆಗೆ ತಲುಪಿಸಬೇಕು. ಇಂದಿಗೂ ಆ ನಾಡಿನ ಹುಡುಗರು ಆಡುವ ಸಿಪಾ ಆಟವೇ ಅಲ್ಲಿ ಸ್ವಯಂವರದ ಪಣವಾಗಿದೆ. ಲಕ್ಸಮಾನ ಎಂಬ ಹೆಸರು ಅಲ್ಲಿ ತಮ್ಮನಿಗಿಲ್ಲ, ಕೋತಿಗಿದೆ, ಮತ್ತು ಆ ಕೋತಿ ನಾಯಕನ ಮಗ. ಬಂದ ಕಥೆಯನ್ನು ತಮ್ಮ ಮಣ್ಣಿನಲ್ಲಿ ಕಲಸಿ ಹೊಸದಾಗಿ ಕಟ್ಟಿದ ಜನ ಅವರು. ಆ ಕಟ್ಟುವಿಕೆಯನ್ನು ಮೆಚ್ಚದೆ ಮೂಲದ ಹಕ್ಕನ್ನಷ್ಟೇ ಸಾರುವುದು ಮೆಚ್ಚುಗೆಯಾಗುವುದಿಲ್ಲ. ಅಲ್ಲದೆ ಲಾವನಾನ ಕಥೆ ಬೇರೆ, ಬಂತುಗನ್‌ನ ಕಾವ್ಯ ಬೇರೆ. ಎರಡರಲ್ಲೂ ಭಾರತದ ಸುಳಿವು ಹುಡುಕುವ ವಿದ್ವಾಂಸರಿದ್ದಾರೆ, ಹುಡುಕಲಿ. ಆದರೆ ಒಂದನ್ನು ತೋರಿಸಿ ಇನ್ನೊಂದನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಯಾರೋ ಹೊರಗಿನವರು ಹತ್ತು ನಿಮಿಷ ಕೇಳಿ, ಇದು ನಮ್ಮದೇ ಯಾವುದೋ ಕಥೆಯ ನೆರಳು ಎಂದು ಎದ್ದು ಹೋದರೆ ನಮಗೆ ಹೇಗಾದೀತು?

ಮರನಾವ್ ಜನರಿಗೆ ಈ ನೋವು ಹೊಸದಲ್ಲ. ಅವರದೇ ದೇಶದ ರಾಜಧಾನಿಯಿಂದಲೂ ಅದು ಬಂದಿದೆ. 1957ರಲ್ಲಿ ಮನಿಲಾದಲ್ಲಿ ಹುಟ್ಟಿದ ಬಾಯಾನಿಹಾನ್ ನೃತ್ಯತಂಡ ಸಿಂಗ್ಕಿಲ್ಲನ್ನು ಜಗತ್ತಿನ ವೇದಿಕೆಗಳಿಗೆ ಒಯ್ದಿತು. ನಿಜವಾಗಿಯೂ ದೊಡ್ಡ ಕೆಲಸ. ಆದರೆ ಸಂಪ್ರದಾಯದಲ್ಲಿ ಹೆಂಗಸರೇ ಆಡುತ್ತಿದ್ದ ನೃತ್ಯಕ್ಕೆ ಕತ್ತಿ ಗುರಾಣಿ ಹಿಡಿದ ರಾಜಕುಮಾರ ಸೇರಿಕೊಂಡ, ವೇಗ ಏರಿತು, ವೇದಿಕೆಯ ಬೆರಗು ಮುಂದಾಯಿತು. ತಮ್ಮ ನೃತ್ಯವನ್ನು ತಮ್ಮನ್ನು ಕೇಳದೆ ಬದಲಿಸಿದರೆಂದು ಮರನಾವ್ ಜನ ಆಕ್ಷೇಪಿಸಿದ್ದಾರೆ, ಆ ಆಕ್ಷೇಪದಲ್ಲಿ ನ್ಯಾಯವಿದೆ. ಅವರ ನಗರ ಮರಾವಿ 2017ರಲ್ಲಿ ಐದು ತಿಂಗಳ ಯುದ್ಧದಲ್ಲಿ ನುಚ್ಚುನೂರಾಯಿತು, ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡಿದರು. ದರಂಗೆನ್‌ನ ಸಾಲುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ವಿಶ್ವವಿದ್ಯಾಲಯ ಇರುವುದೂ ಆ ಊರಿನಲ್ಲೇ. ಇಷ್ಟು ಕಳೆದುಕೊಂಡವರ ಕೈಯಲ್ಲಿ ಉಳಿದಿರುವ ಕಾವ್ಯಕ್ಕೆ ನಾವು ಹೋಗಿ ನಮ್ಮ ಹೆಸರು ಅಂಟಿಸುವುದು ನನಗೆ ಸಹಿಸಲಾಗದು.

ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆಯಿದೆ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ನಿಮ್ಮ ಪಕ್ಕದಲ್ಲೇ ಫಿಲಿಪಿನೋ ಗೆಳೆಯರಿದ್ದಾರೆ. ನಿಮ್ಮ ಊರಿನಲ್ಲಿ ಯಾವ ಕಥೆ ಹಾಡುತ್ತಾರೆ ಎಂದು ಅವರನ್ನು ಕೇಳಿ. ಇಫುಗಾವ್ ಬೆಟ್ಟಗಳವರಾದರೆ ಭತ್ತದ ಕೊಯ್ಲಿನಲ್ಲಿ ಮತ್ತು ಸಾವಿನ ಮನೆಯಲ್ಲಿ ಹಿರಿಯ ಹೆಂಗಸರು ಹಾಡುವ ಹುಡ್‌ಹುಡ್ ಬಗ್ಗೆ ಹೇಳಿಯಾರು. ಪನಾಯ್ ದ್ವೀಪದವರಾದರೆ ಹಿನಿಲಾವೊದ್ ಎಂಬ ಮಹಾಕಾವ್ಯದ ಹೆಸರು ಬಂದೀತು. ಅವರ ಮಾತು ಮುಗಿಯುವವರೆಗೆ ‘ನಮ್ಮಲ್ಲಿಯೂ’ ಎಂದು ನಡುವೆ ಬಾಯಿ ಹಾಕಬೇಡಿ.