ಹುರುಪು ತುಂಬುವ ಮೊದಲು ಅಡ್ಡಿ ಏನೆಂದು ಕೇಳಬೇಕು

ದಾವಣಗೆರೆಯ ಕಾರ್ಖಾನೆ, ಸಹಕಾರ ಸಂಘ, ಕಾಲೇಜುಗಳಲ್ಲಿ ಈಗ ‘ಪ್ರೇರಣಾ ಕಾರ್ಯಾಗಾರ’ಗಳಿಗೆ ಬರವಿಲ್ಲ. ಭಾಷಣಕಾರರು ಬರುತ್ತಾರೆ, ಪರದೆಯ ಮೇಲೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಮೆಟ್ಟಿಲಾಗಿ ತೋರಿಸುವ, ಅಮೆರಿಕದ ಮನೋವಿಜ್ಞಾನಿ ಮ್ಯಾಸ್ಲೊ ಹೆಸರಿನ ಪಿರಮಿಡ್ ಮೂಡುತ್ತದೆ (1943ರ ಅವರ ಮೂಲ ಲೇಖನದಲ್ಲಿ ಅಂಥ ಚಿತ್ರವೇ ಇಲ್ಲ ಎಂಬುದು ಬೇರೆ ಮಾತು), ಚಪ್ಪಾಳೆ ತಟ್ಟಿಸುತ್ತಾರೆ, ಊಟವಾಗುತ್ತದೆ. ಮರುದಿನ ಕೆಲಸ ಯಥಾಪ್ರಕಾರ ಸಾಗಿದರೆ ‘ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ’ ಎಂಬ ದೂರು ಹೊರಡುತ್ತದೆ. ಆಸಕ್ತಿಯ ಕೊರತೆ ಎಂದು ನಾವು ಕರೆಯುವುದರಲ್ಲಿ ಬಹುಪಾಲು, ಯಾರೂ ಹೋಗಿ ವಿಚಾರಿಸದ ಅಡ್ಡಿಗಳೇ ಆಗಿರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಮನೋವಿಜ್ಞಾನಿ ಕರ್ಟ್ ಲೆವಿನ್ ಇದನ್ನು 1940ರ ದಶಕದಲ್ಲೇ ವಿವರಿಸಿದ್ದರು. ಒಂದು ಗುಂಪಿನ ದುಡಿಮೆಯ ಮಟ್ಟವು ಅದನ್ನು ಮೇಲಕ್ಕೆ ಒತ್ತುವ ಶಕ್ತಿಗಳು ಮತ್ತು ಕೆಳಕ್ಕೆ ಹಿಡಿದಿಡುವ ಶಕ್ತಿಗಳು ಸರಿಸಮವಾದ ಕಡೆ ನಿಂತಿರುತ್ತದೆ. ಒತ್ತಡವನ್ನಷ್ಟೇ ಹೆಚ್ಚಿಸಿದರೆ ಮಟ್ಟ ಏರಿದರೂ ಬಿಗುವು ಅದರೊಂದಿಗೇ ಏರುತ್ತದೆ, ಹಿಡಿದಿಟ್ಟಿರುವುದನ್ನು ಸಡಿಲಿಸಿದರೆ ಅದೇ ಬದಲಾವಣೆ ಕಡಿಮೆ ಬಿಗುವಿನಲ್ಲಿ ಸಾಧ್ಯವಾಗುತ್ತದೆ.

ನಾನು ಕೆಲಕಾಲ ಲೆಕ್ಕಪತ್ರ ನೋಡಿಕೊಂಡಿದ್ದ ಇಲ್ಲಿಯ ಗಾರ್ಮೆಂಟ್ಸ್ ಒಂದರಲ್ಲಿ ಟಾರ್ಗೆಟ್ ದಾಟಿದವರಿಗೆ ಇನ್ಸೆಂಟಿವ್, ಓಟಿ ನಿಂತವರಿಗೆ ಹೆಚ್ಚುವರಿ ಹಣ ಎಂದು ಘೋಷಿಸಿದ್ದರು. ಓಟಿಗೆ ನಿಲ್ಲುವವರು ಹೆಚ್ಚಲಿಲ್ಲ. ಜಗಳೂರು ಕಡೆಯ ಹಳ್ಳಿಯಿಂದ ಬರುತ್ತಿದ್ದ ಟೈಲರ್ ಒಬ್ಬರು ಸೂಪರ್‌ವೈಸರ್‌ಗೆ ನೇರವಾಗಿಯೇ ಹೇಳಿದ್ದರು: “ರೊಕ್ಕ ಬ್ಯಾಡ ಅಂತ ಯಾರಂತಾರ್ರಿ ಸಾರ್? ಏಳು ಗಂಟೆ ಬಸ್ ಹೋದ್ರೆ ಊರಿಗೆ ಹೆಂಗ್ ಹೋಗ್ಲಿ?” ಇನ್ನು ಟಾರ್ಗೆಟ್ಟಿನ ಕಥೆ. ಕಟಿಂಗ್ ವಿಭಾಗದಿಂದ ಕಾಲರ್ ಬಂಡಲ್ ಬರುವುದೇ ಎಷ್ಟೋ ದಿನ ಹನ್ನೊಂದಕ್ಕೆ. ಅಲ್ಲಿಯವರೆಗೆ ಮಿಷನ್ ಮುಂದೆ ಕೈಕಟ್ಟಿ ಕೂತವರ ಹೆಸರಿನೆದುರು ಬೋರ್ಡಿನಲ್ಲಿ ಕಡಿಮೆ ಪೀಸು ದಾಖಲಾಗುತ್ತಿತ್ತು; ತಡಮಾಡಿದ ವಿಭಾಗದ ಹೆಸರು ಆ ಬೋರ್ಡಿನಲ್ಲೇ ಇರುತ್ತಿರಲಿಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಅಲ್ಲಿಯೂ ಪೀಸ್ ಲೆಕ್ಕದ ಕೂಲಿ. ಕೆಲಸದ ವಿಧಾನ ಬದಲಾದಾಗಲೆಲ್ಲ ಉತ್ಪಾದನೆ ಕುಸಿದು ಜನ ಕೆಲಸ ಬಿಡುತ್ತಿದ್ದರು, ಆಡಳಿತ ಕೊಡುತ್ತಿದ್ದ ವಿಶೇಷ ಭತ್ಯೆಯಿಂದಲೂ ಅದು ನಿಂತಿರಲಿಲ್ಲ. ಪ್ರಯೋಗದಲ್ಲಿ ಒಂದು ಗುಂಪಿಗೆ ಬದಲಾವಣೆಯನ್ನು ಎಂದಿನಂತೆ ತಿಳಿಸಿಬಿಟ್ಟರು. ಉಳಿದ ಗುಂಪುಗಳ ಮುಂದೆ ನೋಡಲು ಒಂದೇ ತೆರನಾದ ಎರಡು ಉಡುಪು ಇಟ್ಟು, ಒಂದರ ಬೆಲೆ ಇನ್ನೊಂದರ ಎರಡರಷ್ಟಿದೆ, ಅಗ್ಗದ್ದು ಯಾವುದು ಹೇಳಿ ಎಂದರು. ಯಾರಿಗೂ ಗುರುತಿಸಲಾಗಲಿಲ್ಲ. ಖರ್ಚು ಇಳಿಸುವುದು ಹೇಗೆಂಬ ಚರ್ಚೆ ಅಲ್ಲಿಂದ ಶುರುವಾಗಿ, ಹೊಸ ವಿಧಾನ ರೂಪಿಸುವುದರಲ್ಲಿ ಕಾರ್ಮಿಕರೇ ಪಾಲ್ಗೊಂಡರು. ಬರೀ ತಿಳಿಸಲ್ಪಟ್ಟ ಗುಂಪಿನಲ್ಲಿ 40 ದಿನದೊಳಗೆ ಶೇ. 17 ಮಂದಿ ಕೆಲಸ ಬಿಟ್ಟರೆ, ಎಲ್ಲರೂ ಪಾಲ್ಗೊಂಡ ಗುಂಪುಗಳ ಉತ್ಪಾದನೆ ಮೊದಲಿಗಿಂತ ಸುಮಾರು ಶೇ. 14ರಷ್ಟು ಏರಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆಮೇಲಿನ ಸಂಗತಿ: ಎರಡೂವರೆ ತಿಂಗಳ ನಂತರ, ಸೋತ ಆ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನೇ ಮತ್ತೊಂದು ಕೆಲಸಕ್ಕೆ ಬದಲಿಸುವಾಗ ಅವರನ್ನೂ ಚರ್ಚೆಗೆ ಕೂರಿಸಿಕೊಂಡರು, ಅವರು ಬೇಗನೆ ಚೇತರಿಸಿಕೊಂಡರು. ಸೋಮಾರಿತನವೇ ಕಾರಣವಾಗಿದ್ದರೆ ಈ ಚೇತರಿಕೆಗೆ ವಿವರಣೆ ಸಿಗುವುದಿಲ್ಲ.

ಹಾಗೆಂದು ಇದನ್ನು ಮಂತ್ರದಂಡವೆಂದು ಒಪ್ಪಬೇಕಾಗಿಲ್ಲ. ಗುಂಪುಗಳು ತೀರ ಚಿಕ್ಕವು, ಅವುಗಳ ಕೆಲಸವೂ ಒಂದೇ ಆಗಿರಲಿಲ್ಲ. ಫ್ರೆಂಚ್ ಮತ್ತು ಸಂಗಡಿಗರು ನಾರ್ವೆಯ ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ನಡೆಸಿ 1960ರಲ್ಲಿ ಪ್ರಕಟಿಸಿದಾಗ ಉತ್ಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕಾರ್ಮಿಕರ ತೀರ್ಮಾನಕ್ಕೆ ಬಿಟ್ಟಿದ್ದ ವಿಷಯಗಳು ಅಷ್ಟು ಮಹತ್ವದವಾಗಿರಲಿಲ್ಲ. ಕಾರ್ಮಿಕ ಸಂಘದ ಪ್ರತಿನಿಧಿಗಳ ಮೂಲಕ ಮಾತಾಡುವುದೇ ಸರಿಯೆಂಬ ಭಾವನೆಯೂ ಅವರಲ್ಲಿತ್ತು. ನಮ್ಮಲ್ಲಿ ‘ಕಾರ್ಮಿಕರ ಅಭಿಪ್ರಾಯ ಪಡೆದಿದ್ದೇವೆ’ ಎಂದು ಹೇಳಿಕೊಳ್ಳುವ ಕಡೆಗಳಲ್ಲಿ ಯಾವ ವಿಷಯದ ಮೇಲೆ ಪಡೆದರು ಎಂದು ನೋಡಿ. ಸಮವಸ್ತ್ರದ ಬಣ್ಣ ಯಾವುದಿರಲಿ ಎಂದು ಎಲ್ಲರನ್ನೂ ಕೇಳುತ್ತಾರೆ. ಪಾಳಿಯ ಸಮಯ ಮತ್ತು ಪೀಸಿನ ದರ ಮಾತ್ರ ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅಂಟಿರುತ್ತವೆ.