ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಯಾರು?

ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊಟ್ಟಮೊದಲ ಮಹಿಳೆ ಕ್ಲಾಡಿಯಾ ಗೋಲ್ಡಿನ್ ಎಂಬ ಸಂದೇಶವೊಂದು ಬೀದರಿನ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಆ ಗೌರವ 2009ರಲ್ಲೇ ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರಿಗೆ, ಆಲಿವರ್ ವಿಲಿಯಮ್ಸನ್ ಅವರೊಂದಿಗೆ, ಸಂದಿತ್ತು. 2019ರಲ್ಲಿ ಎಸ್ತರ್ ಡಫ್ಲೊ ಎರಡನೆಯವರಾದರು. 2023ರಲ್ಲಿ ಗೋಲ್ಡಿನ್ ಈ ಪ್ರಶಸ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆಯಾದರು. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ.

ಗಣಿತದ ತಳಹದಿ ಸಾಲದೆಂದು ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಪ್ರವೇಶ ಸಿಗದ ಆಸ್ಟ್ರಮ್, ರಾಜ್ಯಶಾಸ್ತ್ರದತ್ತ ಹೊರಳಿ, ದಕ್ಷಿಣ ಕ್ಯಾಲಿಫೋರ್ನಿಯಾದ ಅಂತರ್ಜಲಕ್ಕೆ ಸಮುದ್ರದ ಉಪ್ಪುನೀರು ನುಗ್ಗದಂತೆ ಬಳಕೆದಾರರೇ ಕೂಡಿ ಮಾಡಿಕೊಂಡ ಏರ್ಪಾಡನ್ನು ಅಧ್ಯಯನ ಮಾಡಿ 1965ರಲ್ಲಿ ಪದವಿ ಪಡೆದರು. ಶಾಲೆಯಲ್ಲಿ ಅವರಿಗೆ ತ್ರಿಕೋನಮಿತಿ ಕಲಿಯಲು ಅವಕಾಶವನ್ನೇ ಕೊಟ್ಟಿರಲಿಲ್ಲ ಎಂಬುದನ್ನು ನೆನೆದರೆ ಆ ನಿರಾಕರಣೆ ಇನ್ನಷ್ಟು ಕಹಿಯೆನಿಸುತ್ತದೆ.

ಊರಿಗೆಲ್ಲ ಸೇರಿದ ಸ್ವತ್ತು ಹಾಳಾಗುವುದು ಖಚಿತ, ಅದನ್ನು ಸರ್ಕಾರವೋ ಖಾಸಗಿಯವರೋ ವಹಿಸಿಕೊಳ್ಳಬೇಕು ಎಂಬ ನಂಬಿಕೆಯನ್ನು ಅವರು ನೇಪಾಳದ ನೀರಾವರಿ ಕಾಲುವೆ, ಸ್ವಿಟ್ಜರ್ಲೆಂಡಿನ ಗೋಮಾಳಗಳ ನಿದರ್ಶನಗಳಿಂದ ಅಲುಗಿಸಿದರು. ಬೀದರಿನ ನೌಬಾದಿನಲ್ಲಿ, ನೆಲದಡಿಯ ಸುರಂಗದ ಮೂಲಕ ಅಂತರ್ಜಲವನ್ನು ಊರಿಗೆ ಹರಿಸುತ್ತಿದ್ದ ಬಹಮನಿ ಕಾಲದ ಸುರಂಗ ಬಾವಿಯ ಗಾಳಿಕಿಂಡಿಯೊಳಗೆ ಇಣುಕಿದವರಿಗೆ, ಹಂಚಿಕೊಳ್ಳುವ ನೀರಿಗೆ ಕಟ್ಟಳೆ ಯಾರು ಮಾಡಬೇಕು ಎಂಬ ಅವರ ಪ್ರಶ್ನೆ ದೂರದ್ದೆನಿಸದು.